ಸತ್ಯಾಂಶ: ಆ ‘ಹಂದಿ-ಮಾನವ ತಾಯಿ’ ಪ್ರಯೋಗಾಲಯದ ಜೀವಿಯಲ್ಲ
ಮುಂಬೈಯ ಮಾಟುಂಗಾ, ಡೊಂಬಿವಲಿಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ, ಮರಿಗಳಿಗೆ ಹಾಲೂಡಿಸುತ್ತ ಮಲಗಿರುವ ಅರೆಮಾನವ ಹಂದಿಯ ಚಿತ್ರವೊಂದು ‘ವಿಜ್ಞಾನಿಗಳು ಸೃಷ್ಟಿಸಿದ ಜೀವಿ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಅದು ಆಸ್ಟ್ರೇಲಿಯಾದ ಕಲಾವಿದೆ ಪೆಟ್ರೀಷಿಯಾ ಪಿಚಿನೀನಿ 2002ರಲ್ಲಿ ರಚಿಸಿದ ‘ದಿ ಯಂಗ್ ಫ್ಯಾಮಿಲಿ’ ಎಂಬ ಶಿಲ್ಪ. ಸುಕ್ಕುಗಟ್ಟಿದ ಆ ಚರ್ಮ ಸಿಲಿಕೋನ್. ಕೂದಲು ಮಾತ್ರ ನಿಜಕ್ಕೂ ಮನುಷ್ಯರದು. ಜೀವವನ್ನು ಸೃಷ್ಟಿಸಿದವರಿಗೆ ಅದನ್ನು ಸಲಹುವ ಹೊಣೆಯಿಲ್ಲವೇ ಎಂದು ಆ ದಣಿದ ಕಣ್ಣುಗಳು ಕೇಳುತ್ತಿರುವಂತೆ ನನಗೆ ತೋರುತ್ತದೆ.

ಕಸಿಗೆ ಬೇಕಾದ ಅಂಗಗಳನ್ನು ಮುಂದೆಂದಾದರೂ ಬೆಳೆಸಬಹುದೆಂಬ ಆಶಯದಿಂದ ಹಂದಿಯ ಭ್ರೂಣಗಳಿಗೆ ಮಾನವ ಕಾಂಡಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳನ್ನು) ಸೇರಿಸಿದ ಪ್ರಯೋಗವನ್ನು ಅಮೆರಿಕದ ಸಾಲ್ಕ್ ಸಂಸ್ಥೆಯ ತಂಡ 2017ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ಉಳಿದುಕೊಂಡ ಮಾನವ ಕೋಶಗಳು ಅತ್ಯಲ್ಪವಾಗಿದ್ದವು, ಭ್ರೂಣಗಳ ಬೆಳವಣಿಗೆಯನ್ನು ಸುಮಾರು 4 ವಾರಗಳಲ್ಲೇ ನಿಲ್ಲಿಸಲಾಯಿತು, ಒಂದು ಮರಿಯೂ ಹುಟ್ಟಲಿಲ್ಲ.