ಒಂದು ಕೂಡಿಸುವ ಯಂತ್ರ

ಎರಡಕ್ಕೆ ಒಂದು ಕೂಡಿಸಿದರೆ ಮೂರು. ಇದನ್ನು ನಾವೆಲ್ಲ ಒಂದನೇ ಕ್ಲಾಸಿನಲ್ಲಿ ಬೆರಳು ಮಡಚಿ ಕಲಿತಿದ್ದೇವೆ. ಆಮೇಲೆ ದೊಡ್ಡವರಾಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆವು. ಈಗ ಅದನ್ನು ಮಾಡಲು ಒಂದು ಟೂಲು ಬೇಕು.

ತಮಾಷೆಯಲ್ಲ. ಪ್ರಾಜೆಕ್ಟಿನ ವರ್ಷನ್ ನಂಬರನ್ನು, ಅಂದರೆ ಇದು ಎಷ್ಟನೇ ಆವೃತ್ತಿ ಅಂತ ಹೇಳುವ ನಂಬರನ್ನು, 1.4.2ರಿಂದ 1.4.3ಕ್ಕೆ ಏರಿಸಲು ಕಮಾಂಡ್ ಲೈನ್ ಟೂಲುಗಳಿವೆ. ಒಂದೆರಡಲ್ಲ, ಒಂದೊಂದು ಪ್ರೋಗ್ರಾಮಿಂಗ್ ಭಾಷೆಗೂ ನಾಲ್ಕಾರು. ಟರ್ಮಿನಲ್ ತೆರೆದು ‘ಬಂಪ್ ಪ್ಯಾಚ್’ ಅಂತ ಬರೆದು ಎಂಟರ್ ಒತ್ತಿದರೆ ಕೊನೆಯ ಅಂಕಿಗೆ ಒಂದು ಸೇರುತ್ತದೆ. ಅದಕ್ಕೆ ಮೊದಲು ಟೂಲನ್ನು ಇನ್‌ಸ್ಟಾಲ್ ಮಾಡಬೇಕು. ಅದು ಒಂಟಿಯಾಗಿ ಬರುವ ಪೈಕಿ ಅಲ್ಲ. ತನ್ನ ನೆಂಟರಿಷ್ಟರನ್ನೆಲ್ಲ, ಅಂದರೆ ತನಗೆ ಬೇಕಾದ, ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿಗಳನ್ನೆಲ್ಲ, ಕರೆದುಕೊಂಡೇ ಬರುತ್ತದೆ. ಆ ನೆಂಟರಿಗೆಲ್ಲ ಅವರವರದೇ ವರ್ಷನ್ ನಂಬರು. ಆಮೇಲೆ ಏನೇನು ಹೇಗೆ ಮಾಡಬೇಕು ಅಂತ ಟೂಲಿಗೆ ಬರೆದುಕೊಡುವ ಕಾನ್ಫಿಗ್ ಫೈಲು. ನನ್ನದೊಂದು ಪುಟ್ಟ ಸ್ಕ್ರಿಪ್ಟಿದೆ, 60 ಸಾಲಿನದು. ಅದರ ನಂಬರು ಏರಿಸುವ ಕಾನ್ಫಿಗ್ ಫೈಲು 72 ಸಾಲು. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆ ಇಷ್ಟು ವರ್ಷ ಕಾದಿದ್ದು ಈ ಫೈಲಿಗಾಗಿಯೇ ಇರಬೇಕು.

ಸುಮ್ನೆ ಬೈಯಬಾರದು, ಟೂಲು ಹುಟ್ಟಿದ್ದಕ್ಕೂ ಕಾರಣವಿದೆ. ನಂಬರು ಒಂದೇ ಕಡೆ ಇರುವುದಿಲ್ಲ. ಪ್ಯಾಕೇಜ್ ಫೈಲಿನಲ್ಲಿ ಒಂದು, ಕೋಡಿನೊಳಗೆ ಒಂದು, ರೀಡ್‌ಮಿಯಲ್ಲಿ ಒಂದು, ‘ಅಬೌಟ್’ ಪರದೆಯಲ್ಲಿ ಇನ್ನೊಂದು. ಕೈಯಿಂದ ತಿದ್ದಲು ಹೋದರೆ ಒಂದನ್ನು ಮರೆಯುವುದು ಖಂಡಿತ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಪ್ಯಾಕೇಜು 1.4.3 ಅನ್ನುತ್ತದೆ, ಅಬೌಟ್ ಪರದೆ ಇನ್ನೂ 1.3.9ರಲ್ಲೇ ಕಾಲು ಚಾಚಿಕೊಂಡು ಕೂತಿರುತ್ತದೆ. ಟೂಲು ಎಲ್ಲ ಕಡೆಯೂ ಒಂದೇ ಏಟಿಗೆ ಬದಲಾಯಿಸುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿ, ಅಂದರೆ ದಾಖಲಿಸಿ, ಟ್ಯಾಗ್ ಕೂಡ ಅಂಟಿಸಿ ಕೊಡುತ್ತದೆ. ಒಂದೇ ನಂಬರನ್ನು ನಾಲ್ಕು ಕಡೆ ಯಾಕೆ ಬರೆದಿಟ್ಟಿರಿ ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಇನ್ನೂ ಯಾರೂ ಟೂಲು ಮಾಡಿಲ್ಲ.

ಈ ಮೂರು ಅಂಕಿಗಳ ಹಿಂದೆ ಒಂದು ಶಾಸ್ತ್ರವೇ ಇದೆ. ಸೆಮ್ಯಾಂಟಿಕ್ ವರ್ಷನಿಂಗ್ ಅಂತ ಹೆಸರು. ಬರೆದವರು ಕೋಡು ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್. ತಪ್ಪು ತಿದ್ದಿದರೆ ಕೊನೆಯ ಅಂಕಿ ಏರಿಸಿ. ಹಳೆಯದು ಕೆಡದ ಹಾಗೆ ಹೊಸದೇನಾದರೂ ಸೇರಿಸಿದರೆ ನಡುವಿನ ಅಂಕಿ. ನಿಮ್ಮನ್ನು ನಂಬಿಕೊಂಡವರ ಕೋಡು ಮುರಿಯುವಂಥದ್ದೇನಾದರೂ ಮಾಡಿದರೆ ಮೊದಲ ಅಂಕಿ. ಇಷ್ಟೇ. ಅಂದರೆ ಮೊದಲ ಅಂಕಿ ಏರಿಸುವುದು ತಪ್ಪೊಪ್ಪಿಗೆ. ‘ನಾನು ಮುರಿದಿದ್ದೇನೆ, ನೋಡಿಕೊಂಡು ಬನ್ನಿ’ ಅಂತ ಬಾಗಿಲಿಗೆ ಬೋರ್ಡು ತೂಗುಹಾಕಿದ ಹಾಗೆ.

ಬೋರ್ಡು ಹಾಕಲು ಯಾರಿಗೆ ಇಷ್ಟ, ಹೇಳಿ?

ಟೂಲು ಬಹಳ ವಿನಯದಿಂದ ಕೇಳುತ್ತದೆ: ಮೇಜರೋ, ಮೈನರೋ, ಪ್ಯಾಚೋ? ಅಂದರೆ ಮೊದಲ ಅಂಕಿಯೋ, ನಡುವಿನದೋ, ಕೊನೆಯದೋ? ಮೇಜರ್ ಅಂದರೆ, ಹಳೆಯದರಿಂದ ಹೊಸದಕ್ಕೆ ಬರುವುದು ಹೇಗೆ ಅಂತ ಒಂದು ಗೈಡ್ ಬರೆಯಬೇಕು. ಮ್ಯಾನೇಜರಿಗೆ ಉತ್ತರ ಕೊಡಬೇಕು. ಮಾರ್ಕೆಟಿಂಗ್‌ನವರು ಓಡಿ ಬಂದು ‘2.0 ಅಂದ್ರೆ ದೊಡ್ಡ ಸುದ್ದಿ, ಹೊಸದು ಏನೇನಿದೆ?’ ಅಂತ ಕೇಳುತ್ತಾರೆ. ‘ಒಂದು ಫಂಕ್ಷನ್ನಿನ ಹೆಸರು ಬದಲಾಗಿದೆ’ ಅಂದಾಗ ಅವರ ಮುಖ ನೋಡಲಾಗುವುದಿಲ್ಲ. ಇಷ್ಟೆಲ್ಲ ತಾಪತ್ರಯ ಯಾಕೆ ಅಂತ ಕೈ ತಾನಾಗಿಯೇ ‘ಪ್ಯಾಚ್’ ಅಂತ ಟೈಪ್ ಮಾಡಿಬಿಡುತ್ತದೆ. ಪ್ಯಾಚ್ ಅಂದರೆ ತೇಪೆ. ತೇಪೆ ಹಾಕಿದ್ದೇವೆ ಅಂತ ಹೇಳಿ ಅಂಗಿಯನ್ನೇ ಬದಲಾಯಿಸಿರುತ್ತೇವೆ, ತೋಳು ಎರಡರ ಬದಲು ಮೂರು ಇಟ್ಟು. ಟೂಲು ಏನೂ ಅನ್ನುವುದಿಲ್ಲ. ಅದು ಒಂದು ಕೂಡಿಸಿ ಸುಮ್ಮನಾಗುತ್ತದೆ.

ಇನ್ನೂ ಜಾಣರು ಒಂದಕ್ಕೆ ಬರುವುದೇ ಇಲ್ಲ. ಶಾಸ್ತ್ರದಲ್ಲೇ ಕಿಂಡಿ ಇದೆ: ಮೊದಲ ಅಂಕಿ ಸೊನ್ನೆ ಇರುವ ತನಕ ಏನು ಬೇಕಾದರೂ ಯಾವಾಗ ಬೇಕಾದರೂ ಬದಲಾಗಬಹುದು. ಯಾರೂ ಕೇಳುವ ಹಾಗಿಲ್ಲ. ಶಾಸ್ತ್ರ ಬರೆಯುವುದಕ್ಕೆ ಮೊದಲೇ ಸೊನ್ನೆಯ ಸುಖ ಕಂಡವರೂ ಇದ್ದಾರೆ ಅನ್ನಿ. ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸುವ ವೈನ್ ಶುರುವಾಗಿದ್ದು 1993ರಲ್ಲಿ. ಅದು 1.0 ಆಗಿದ್ದು 2008ರಲ್ಲಿ. 15 ವರ್ಷ! ವೆಬ್‌ಸೈಟುಗಳಿಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್ 1998ರಿಂದ 2010ರವರೆಗೆ 0.9ರ ಆಸುಪಾಸಿನಲ್ಲೇ ಓಡಾಡಿಕೊಂಡಿತ್ತು. ಜಗತ್ತಿನ ಬೀಗವೇ ‘ಇನ್ನೂ ಪೂರ್ತಿಯಾಗಿಲ್ಲ’ ಅನ್ನುವ ಲೆಕ್ಕದಲ್ಲಿ.

ಮನುಷ್ಯರ ಈ ಕಳ್ಳಾಟ ಟೂಲು ಬರೆಯುವವರಿಗೆ ಗೊತ್ತಿಲ್ಲದೆ ಏನಲ್ಲ. ಅದಕ್ಕೇ ಮುಂದಿನ ಹೆಜ್ಜೆ ಇಟ್ಟರು: ಮನುಷ್ಯರನ್ನು ಕೇಳುವುದೇ ಬೇಡ. ಸೆಮ್ಯಾಂಟಿಕ್-ರಿಲೀಸ್ ಅನ್ನುವ ಟೂಲು ಹೇಳಿಕೊಳ್ಳುವುದೇ ಹೀಗೆ, ಮನುಷ್ಯರ ಭಾವನೆಗೂ ವರ್ಷನ್ ನಂಬರಿಗೂ ಇರುವ ನಂಟನ್ನು ಅದು ಕಡಿದುಹಾಕುತ್ತದಂತೆ. ಹೇಗೆ? ನೀವು ಬರೆದ ಕಮಿಟ್ ಮೆಸೇಜುಗಳನ್ನು ಓದಿ ತಾನೇ ನಿರ್ಧರಿಸುತ್ತದೆ. ‘ಫಿಕ್ಸ್’ ಅಂತ ಶುರುವಾದರೆ ಪ್ಯಾಚ್. ‘ಫೀಟ್’ (ಫೀಚರ್ ಅನ್ನುವುದರ ಮೊಟಕು) ಅಂತಿದ್ದರೆ ಮೈನರ್. ಹಳೆಯದನ್ನು ಮುರಿದಿದ್ದರೆ ಮೆಸೇಜಿನಲ್ಲಿ ಹಾಗಂತ ಬರೆಯಬೇಕು. ಈ ಪದ್ಧತಿಯಲ್ಲಿ ಅದಕ್ಕೊಂದು ಸುಲಭದ ಗುರುತೂ ಇದೆ: ಆಶ್ಚರ್ಯ ಚಿಹ್ನೆ.

ಒಂದು ಆಶ್ಚರ್ಯ ಚಿಹ್ನೆ! ನಿಮ್ಮ ಲೈಬ್ರರಿ ನಂಬಿಕೊಂಡ ಅಷ್ಟೂ ಪ್ರಾಜೆಕ್ಟುಗಳ ನೆಮ್ಮದಿ ಈಗ ಒಂದು ಚುಕ್ಕಿ, ಒಂದು ಗೆರೆಯ ಮೇಲೆ ನಿಂತಿದೆ. ಅದನ್ನು ಹಾಕಬೇಕಾದವನು ಯಾರು? ಶುಕ್ರವಾರ ಸಂಜೆ, ಬ್ಯಾಗು ಹೆಗಲಿಗೇರಿಸಿ, ಒಂದೇ ಕೈಯಲ್ಲಿ ‘ಫಿಕ್ಸ್: ಚಿಕ್ಕಪುಟ್ಟ ಬದಲಾವಣೆ’ ಅಂತ ಟೈಪ್ ಮಾಡುತ್ತಿರುವ ಅದೇ ಮನುಷ್ಯ. ಭಾವನೆಯ ನಂಟು ಕಡಿದಿಲ್ಲ, ಬರೀ ಮನೆ ಬದಲಾಯಿಸಿದೆ. ಮೊದಲು ನಂಬರಿನಲ್ಲಿ ಹೇಳುತ್ತಿದ್ದ ಸುಳ್ಳನ್ನು ಈಗ ವಾಕ್ಯದಲ್ಲಿ ಹೇಳುತ್ತೇವೆ. ಅದನ್ನು ನಂಬರಿಗೆ ಅನುವಾದ ಮಾಡಿಕೊಡುವ ಕೆಲಸ ಮಾತ್ರ ಟೂಲಿನದು.

ಇದು ಅಡಗಿಕೊಳ್ಳುವವರ ಕಥೆಯಾಯಿತು. ಜಿಗಿಯುವವರ ಕಥೆ ಬೇರೆ. ವಿಂಡೋಸ್ 8 ಆದಮೇಲೆ 10 ಬಂತು. 9 ಎಲ್ಲಿ ಹೋಯಿತು ಅಂತ ಕೇಳಿದವರಿಗೆ ಈಗ ವಯಸ್ಸಾಗಿದೆ. ಅದಕ್ಕೂ ಮುಂಚಿನ ವಿಂಡೋಸ್ 7ರ ಹೊಟ್ಟೆಯೊಳಗೆ ಇಣುಕಿದರೆ ಕಾಣುವುದು 6.1. ವಿಂಡೋಸ್ 11ರೊಳಗೆ ಇಣುಕಿದರೆ 10.0. ಹೊರಗೆ ಒಂದು ಹೆಸರು, ಒಳಗೆ ಇನ್ನೊಂದು. ಫೈರ್‌ಫಾಕ್ಸ್ ಬ್ರೌಸರ್ 2011ರ ಮಾರ್ಚಿನಲ್ಲಿ 4 ಆಗಿತ್ತು, ಜೂನಿನಲ್ಲಿ 5 ಆಯಿತು. ಆಮೇಲೆ ಓಟವೇ ಓಟ, 2022ರಲ್ಲಿ 100. ವೆಬ್‌ಸೈಟು ಕಟ್ಟುವ ಭಾಷೆ ಪಿಎಚ್‌ಪಿ 5 ಆದಮೇಲೆ 7ಕ್ಕೆ ಹಾರಿತು. ಅದೇ ಕೆಲಸಕ್ಕಿರುವ ಇನ್ನೊಂದು ಸಲಕರಣೆ ಆ್ಯಂಗುಲರ್ 2 ಆದಮೇಲೆ 4. ಐಫೋನಿನ ಐಓಎಸ್ 2025ರಲ್ಲಿ 18ರಿಂದ ನೇರ 26ಕ್ಕೆ. ಒಂದು ಕೂಡಿಸುವ ಟೂಲಿಗೆ ಇದನ್ನೆಲ್ಲ ತೋರಿಸಬಾರದು, ಪಾಪ.

ಇವರೆಲ್ಲರ ನಡುವೆ ನನಗೆ ಪ್ರಾಮಾಣಿಕ ಅನಿಸಿದ್ದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್. 2019ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 4.21 ಆಗಬೇಕಿತ್ತು, 5.0 ಆಯಿತು. ಅವರು ಕೊಟ್ಟ ಕಾರಣ, ಎಣಿಸಲು ಕೈಬೆರಳು ಕಾಲ್ಬೆರಳು ಮುಗಿದುಹೋದವು ಅಂತ. ಕ್ರಾಂತಿಯೂ ಇಲ್ಲ, ಹೊಸ ಯುಗವೂ ಇಲ್ಲ. ಒಂದನೇ ಕ್ಲಾಸಿನ ಲೆಕ್ಕ.

ಬೆರಳು ಮುಗಿಯುವುದು ಕಂಪ್ಯೂಟರಿಗೂ ತಪ್ಪಿದ್ದಲ್ಲ. 2021ರಲ್ಲಿ ಇದೇ ಕರ್ನಲ್‌ನ 4.4 ಸಾಲಿನ ಬಿಡುಗಡೆಗಳು 255 ದಾಟಿ 256ಕ್ಕೆ ಬಂದವು. ಕೊನೆಯ ಅಂಕಿಗೆ ಕೋಡಿನಲ್ಲಿ ಕೊಟ್ಟಿದ್ದ ಜಾಗ ಎಂಟೇ ಬಿಟ್. ಅದರೊಳಗೆ 255ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಪರಿಹಾರವೇನು ಗೊತ್ತಾ? ಕೇಳಿದ ಪ್ರೋಗ್ರಾಮುಗಳಿಗೆ ಇನ್ನು ಮುಂದೆ 255 ಅಂತಲೇ ಹೇಳುವುದು. ವಯಸ್ಸು ಕೇಳಿದರೆ ಪ್ರತಿ ವರ್ಷ ಅದೇ ಉತ್ತರ ಕೊಡುತ್ತಾರಲ್ಲ, ಹಾಗೆ. ಒಪೆರಾ ಬ್ರೌಸರ್ 2009ರಲ್ಲೇ ಈ ದಾರಿ ಹಿಡಿದಿತ್ತು. ಅದು 10 ಆದಾಗ ಕೆಲವು ವೆಬ್‌ಸೈಟುಗಳು ಮೊದಲ ಅಂಕಿ ಮಾತ್ರ ಓದಿ, ‘ಓ, ಇದು ಒಪೆರಾ 1’ ಅಂದುಕೊಂಡವು. ಸರಿ, ಒಪೆರಾ ತನ್ನನ್ನು 9.80 ಅಂತಲೇ ಪರಿಚಯಿಸಿಕೊಳ್ಳತೊಡಗಿತು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 3.10 ಬಂದ 2021ರಲ್ಲಿ ಎಷ್ಟೋ ಜನ ಕಾನ್ಫಿಗ್ ಫೈಲಿನಲ್ಲಿ ಉದ್ಧರಣ ಚಿಹ್ನೆ ಹಾಕದೆ ಅದನ್ನು ಹಾಗೇ ಬರೆದರು. ಅಂಥ ಫೈಲು ಬರೆಯುವ ಪದ್ಧತಿಯಾದ ಯಾಮಲ್ ಓದಿಕೊಂಡಿದ್ದು 3.1 ಅಂತ. ದಶಾಂಶದ ಕೊನೆಯ ಸೊನ್ನೆಗೆ ಬೆಲೆ ಇಲ್ಲ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದು ನಿಜ ಅಲ್ವಾ? ಹಾಗಾಗಿ ಯಂತ್ರ ಹೊಸ ಪೈಥಾನ್ ಬಿಟ್ಟು ಹತ್ತು ವರ್ಷಕ್ಕೂ ಹಳೆಯದನ್ನು ಹುಡುಕಿಕೊಂಡು ಹೊರಟಿತು.

ಇನ್ನು ನನ್ನ ಕಥೆ. ಅಬೌಟ್ ಪರದೆಯಲ್ಲಿ ‘ವರ್ಷನ್’ ಅನ್ನುವ ಪದವನ್ನೇ ‘ವರ್ಶನ್’ ಅಂತ ತಪ್ಪಾಗಿ ಬರೆದಿದ್ದೆ. ಒಂದು ಅಕ್ಷರ ತಿದ್ದಿದೆ. ಇದಕ್ಕಿಂತ ಶುದ್ಧವಾದ ಪ್ಯಾಚ್ ಇನ್ನೊಂದಿಲ್ಲ ಅಂದುಕೊಂಡು ಟೂಲಿಗೆ ಆಜ್ಞೆ ಕೊಟ್ಟೆ. ‘ಕಮಿಟ್ ಮಾಡದ ಫೈಲು ಇದೆ, ಮೊದಲು ಸ್ವಚ್ಛ ಮಾಡಿ’ ಅಂತ ಮುಖ ಸಿಂಡರಿಸಿತು. ಸ್ವಚ್ಛ ಮಾಡಿದೆ. ಆಗ ಅದು ಕೆಲಸಕ್ಕಿಳಿದು, ಫೈಲುಗಳಲ್ಲಿ 1.4.2 ಅಂತ ಕಂಡಲ್ಲೆಲ್ಲ 1.4.3 ಮಾಡಿತು. ಕಂಡಲ್ಲೆಲ್ಲ. ನಾನು ಬಳಸುತ್ತಿದ್ದ ಬೇರೆ ಯಾರದೋ ಲೈಬ್ರರಿಯ ನಂಬರೂ ಆ ದಿನ ಆಕಸ್ಮಿಕವಾಗಿ 1.4.2 ಆಗಿತ್ತು. ಅದಕ್ಕೂ ಬಡ್ತಿ ಸಿಕ್ಕಿತು. ಆ ಲೈಬ್ರರಿಯ 1.4.3 ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಟ್ಯಾಗ್ ಹೋಯಿತು, ಪ್ಯಾಕೇಜು ತಾನಾಗಿಯೇ ಪ್ರಕಟವಾಯಿತು, ಇನ್‌ಸ್ಟಾಲ್ ಮಾಡಿದವರಿಗೆಲ್ಲ ಕೆಂಪು ಅಕ್ಷರ.

ಒಮ್ಮೆ ಪ್ರಕಟವಾದ ನಂಬರನ್ನು ಮತ್ತೆ ಬಳಸುವ ಹಾಗಿಲ್ಲ. ಆಡಿದ ಮಾತಿನ ಹಾಗೆ. ಇನ್ನು 1.4.4 ಮಾಡಬೇಕು. ಟೂಲಿನ ಹೊಸ ವರ್ಷನ್ನಿನಲ್ಲಿ ಈ ತೊಂದರೆ ಸರಿಯಾಗಿರಬಹುದು ಅಂತ ಮೊದಲು ಅದನ್ನು ಅಪ್‌ಡೇಟ್ ಮಾಡಿದೆ. ನನ್ನ 72 ಸಾಲಿನ ಕಾನ್ಫಿಗ್ ಫೈಲು ಅರ್ಥವಾಗುತ್ತಿಲ್ಲ ಅಂದಿತು. ಅದರಲ್ಲಿದ್ದ ಒಂದು ಕೀಲಿಪದವನ್ನು ಕಿತ್ತುಹಾಕಿದ್ದಾರಂತೆ. ಇಷ್ಟು ದೊಡ್ಡದನ್ನು ಮುರಿದ ಮೇಲೆ ಮೊದಲ ಅಂಕಿ ಏರಿರಬೇಕಲ್ಲ ಅಂತ ಟೂಲಿನದೇ ನಂಬರು ನೋಡಿದೆ. ಏರಿದ್ದು ಕೊನೆಯದು. ಪ್ಯಾಚ್.

ಟೂಲನ್ನು ಕಿತ್ತೆಸೆದೆ. ಎಡಿಟರಿನಲ್ಲಿ 3 ಅಳಿಸಿ ಕೈಯಾರೆ 4 ಬರೆದೆ. ಕೆಲವೇ ಸೆಕೆಂಡಿನ ಕೆಲಸ. ಏನೋ ಗೆದ್ದ ಹಾಗಿತ್ತು. ಪ್ರಕಟಿಸಿದ ಮೇಲೆ ನೋಡಿದರೆ ಅಬೌಟ್ ಪರದೆಯಲ್ಲಿ ಕಾಗುಣಿತ ಸರಿಯಾಗಿತ್ತು, ಪಕ್ಕದಲ್ಲಿ 1.4.3 ಅಂತಲೇ ಇತ್ತು. ಆದ್ದರಿಂದ 1.4.5.

ಒಂದು ಅಕ್ಷರ, ಅರ್ಧ ದಿನ, ಮೂರು ರಿಲೀಸು. ಮರುದಿನ ಪಕ್ಕದ ಕುರ್ಚಿಯ ಗೆಳೆಯ ಪಟ್ಟಿ ನೋಡಿ ಹುಬ್ಬೇರಿಸಿದ: ‘ಪರವಾಗಿಲ್ವೇ, ನಿಮ್ಮ ಪ್ರಾಜೆಕ್ಟು ಈಗ ಭಾರಿ ಆಕ್ಟಿವ್ ಆಗಿದೆ!’