ಪಿಂಚಣಿ ರೂಪಾಯಿಯಲ್ಲಿ, ಲೆಕ್ಕ ಬಹ್ತ್‌ನಲ್ಲಿ

ನಿಮ್ಮ ಲೇಖನದಲ್ಲಿ, ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಪಿಂಚಣಿ ಇದ್ದರೆ ಥಾಯ್ಲೆಂಡ್‌ನ ನಿವೃತ್ತಿ ವೀಸಾಕ್ಕೆ ಚಿಂತೆಯಿಲ್ಲ ಎಂದು ಬರೆದಿದ್ದೀರಿ. ಇದು 2019ಕ್ಕೆ ಸರಿ, ಈಗ ಅಲ್ಲ. ಅಲ್ಲಿ ಕೇಳುವುದು ತಿಂಗಳಿಗೆ 65,000 ಬಹ್ತ್ (ಥಾಯ್ಲೆಂಡ್‌ನ ಹಣ) ಆದಾಯ. ಆಗ ಒಂದು ಬಹ್ತ್‌ಗೆ ಹೆಚ್ಚುಕಡಿಮೆ 2.25 ರೂಪಾಯಿ. 2025ರ ನವೆಂಬರ್‌ನಲ್ಲಿ 2.75ರ ಹತ್ತಿರ. ಅಂದರೆ 1.46 ಲಕ್ಷಕ್ಕೆ ಮುಗಿಯುತ್ತಿದ್ದ ಲೆಕ್ಕ ಆ ಹೊತ್ತಿಗೆ ಸುಮಾರು 1.79 ಲಕ್ಷ! ನಿಯಮದ ಅಂಕಿ ಒಂದಿಷ್ಟೂ ಬದಲಾಗಿಲ್ಲ, ಕುಸಿದಿದ್ದು ನಮ್ಮ ರೂಪಾಯಿ.

ನಮ್ಮ ಭಾವ ಥಾಯ್ಲೆಂಡ್‌ನ ಹುವಾ ಹಿನ್ ಊರಿನಲ್ಲಿದ್ದಾರೆ. ಒಂದು ತಿಂಗಳು ರೂಪಾಯಿ ರೇಟು ಬಿದ್ದು, ಬ್ಯಾಂಕ್ ಶುಲ್ಕವೂ ಕಳೆದು, ಖಾತೆಗೆ ಬಂದಿದ್ದು 64,000 ಚಿಲ್ಲರೆ ಬಹ್ತ್. ಅಷ್ಟಕ್ಕೇ ಎಷ್ಟು ಆತಂಕಪಟ್ಟರು ಗೊತ್ತಾ? ಆಮೇಲೆ ಅವರು ತಿಂಗಳ ಆದಾಯ ತೋರಿಸುವ ಬದಲು 8 ಲಕ್ಷ ಬಹ್ತ್ ಠೇವಣಿ ಇಡುವ ದಾರಿ ಹಿಡಿದರು. ಅದರಲ್ಲೂ ಷರತ್ತಿದೆ. ಅರ್ಜಿಗೆ ಎರಡು ತಿಂಗಳು ಮೊದಲೇ ಅಲ್ಲಿನ ಬ್ಯಾಂಕಿನಲ್ಲಿ ಪೂರ್ತಿ ಹಣ ಇರಬೇಕು. ವೀಸಾ ಸಿಕ್ಕ ಮೇಲೂ ಮೂರು ತಿಂಗಳು ಮುಟ್ಟುವಂತಿಲ್ಲ. ನಂತರವೂ 4 ಲಕ್ಷಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಆದರೂ ನನಗೆ ಇದೇ ವಾಸಿ ಅನಿಸುತ್ತದೆ. ಬಹ್ತ್‌ನಲ್ಲೇ ಇಟ್ಟ ಹಣವನ್ನು ಮುಟ್ಟದಿದ್ದರೆ ರೂಪಾಯಿ ಬಿದ್ದರೂ ವೀಸಾಕ್ಕೆ ತೊಂದರೆಯಿಲ್ಲ, ಅಲ್ವಾ?

ದಯವಿಟ್ಟು ಆ ಒಂದೂವರೆ ಲಕ್ಷದ ಸಾಲನ್ನು ತಿದ್ದಿ. ಇಲ್ಲಿನ ಮನೆ ಬಾಡಿಗೆಗೆ ಕೊಟ್ಟು ಹೊರಡಲು ಸಿದ್ಧರಾದವರು ಇದನ್ನೇ ನಂಬಿ ಲೆಕ್ಕ ಹಾಕುತ್ತಾರೆ.