ಲಿವರ್ ಕಸಿ ಆದವರು ಆರು ತಿಂಗಳು ಮಲಗಬೇಕಿಲ್ಲ

‘ಲಿವರ್ ಕಸಿ ಆದವರು ಆರು ತಿಂಗಳು ಹಾಸಿಗೆ ಬಿಡಬಾರದು, ನಡೆದರೆ ಹೊಸ ಲಿವರ್ ಜಾರುತ್ತದೆ’ ಎಂಬ ವಾಟ್ಸಾಪ್ ಸಂದೇಶ ಕುಂಬಳೆ, ಬದಿಯಡ್ಕ ಕಡೆ ಸುತ್ತುತ್ತಿದೆ. ಇದು ತಪ್ಪು. ನಡೆದರೆ ಲಿವರ್ ಜಾರುವುದಿಲ್ಲ. ತೊಂದರೆಗಳಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲೇ ಎಬ್ಬಿಸಿ ನಡೆಸುತ್ತಾರೆ. ಕಾಯಿಲೆಯಲ್ಲೇ ತೊಡೆಯ ಮಾಂಸಖಂಡ ಕರಗಿರುತ್ತದೆ, ಮೇಲಿಂದ ಕಸಿಯ ನಂತರ ಕೊಡುವ ಸ್ಟೀರಾಯ್ಡ್ ಔಷಧಿಯೂ ಅದನ್ನು ಸೊರಗಿಸುತ್ತದೆ. ಮಲಗಿಯೇ ಇದ್ದರೆ ಆಮೇಲೆ ಕುರ್ಚಿಯಿಂದ ಕೈಯೂರದೆ ಏಳುವುದೂ ಕಷ್ಟ.

ಅದೇ ಸಂದೇಶದಲ್ಲಿ ಭಾರ ಎತ್ತಬಾರದು ಎಂದಿರುವುದು ಮಾತ್ರ ಸರಿ. ಹೊಟ್ಟೆಯ ಗಾಯ ಒಳಗಿನಿಂದ ಗಟ್ಟಿಯಾಗುವ ಮೊದಲ ಎರಡು ಮೂರು ತಿಂಗಳು ತುಂಬಿದ ಕೊಡಪಾನ, ಅಡಿಕೆ ಗೋಣಿ ಮುಟ್ಟಬೇಡಿ, ಹರ್ನಿಯಾ (ಗಾಯದ ಜಾಗದಲ್ಲಿ ಕರುಳು ಉಬ್ಬಿ ಬರುವುದು) ಆದೀತು. ಅಂಗಳದಲ್ಲಿ ಐದು ನಿಮಿಷದ ನಡಿಗೆಯಿಂದ ಶುರುಮಾಡಿ, ಮೆಲ್ಲ ಹೆಚ್ಚಿಸಿ. (ಅಡಿಕೆ ಸುಲಿಯುವ ಧೂಳಿನಿಂದ ಮಾತ್ರ ದೂರವಿರಿ, ಸೋಂಕು ತಗಲೀತು.) ಜ್ವರ ಬಂದರೆ, ಗಾಯ ಒಸರಿದರೆ ಕಸಿ ಮಾಡಿದ ವೈದ್ಯರಿಗೆ ಫೋನ್ ಮಾಡಿ, ಗ್ರೂಪಿಗಲ್ಲ.